ಇಂಗ್ಲಿಷಿನ ಮೂರು ಕಿರುಮಾತುಗಳೂ ಕನ್ನಡಿಗರೂ

ಇಂಗ್ಲಿಷ್ ಭಾಷೆಯನ್ನು ಕಲಿಯಹೊರಟ ಕನ್ನಡ ಬಾಲಕನಿಗೆ ಮೊದಲ ದಿನಗಳಲ್ಲಿಯೇ ಎದುರಾಗುವ ಮಾತುಗಳಲ್ಲಿ ಅತ್ಯಂತ ಚಿಕ್ಕವು ಮೂರು: 'ಎ', 'ಆನ್', 'ದಿ'. ವ್ಯಾಕರಣದಲ್ಲಿ ಇವಕ್ಕೆ ಆರ್ಟಿಕಲ್ಲುಗಳೆಂದು ಹೆಸರು. ಉದ್ದುದ್ದವಾದ ಶಬ್ದಗಳ ಅಕ್ಷರಜೋಡಣೆಯನ್ನು ಅವನು ಬಾಯಿಪಾಠಮಾಡಿ ಗೆಲ್ಲುತ್ತಾನೆ. ಕ್ರಿಯಾಪದಗಳ ರೂಪಭೇದಗಳನ್ನೂ ನಾಲ್ಕಾರು ವರ್ಷಗಳಲ್ಲಿ ಕೈವಶಮಾಡಿಕೊಳ್ಳುತ್ತಾನೆ. ಆದರೆ ಈ ಮೂರು ಕಿರುಮಾತುಗಳು ಮಾತ್ರ ಪದವೀಧರನಾದಮೇಲೆಯೂ ಅವನನ್ನು ಕಾಡುವುದನ್ನು ಬಿಡುವುದಿಲ್ಲ. ಎಲ್ಲಿ ಇಡಬೇಕೋ ಅಲ್ಲಿ ಬಿಡುತ್ತಾನೆ. ಎಲ್ಲಿ ಬಿಡಬೇಕೋ ಅಲ್ಲಿ ಇಡುತ್ತಾನೆ.

ತಪ್ಪು ಸಣ್ಣದು, ಅದರ ಬೆಲೆ ಸಣ್ಣದಲ್ಲ. ಉದ್ಯೋಗಕ್ಕಾಗಿ ಬರೆದ ಅರ್ಜಿಯ ಮೊದಲ ಪಂಕ್ತಿಯಲ್ಲಿ ಒಂದು 'ಎ' ಬಿಟ್ಟುಹೋದರೆ ಬರೆದವನ ವಿದ್ಯೆಯನ್ನೇ ಶಂಕಿಸುವವರುಂಟು. ಇದಕ್ಕಿಂತಲೂ ಕೆಡುಕಾದ ಪರಿಣಾಮ ಮತ್ತೊಂದುಂಟು. ಇಂಗ್ಲಿಷಿನಲ್ಲಿರುವ ಈ ಮಾತುಗಳು ಕನ್ನಡದಲ್ಲಿಲ್ಲವಾದುದರಿಂದ ಕನ್ನಡವು ಆ ಮಟ್ಟಿಗೆ ಬಡಭಾಷೆ, ಅಸ್ಪಷ್ಟಭಾಷೆ ಎಂಬ ಭಾವನೆ ಎಳೆಯ ಮನಸ್ಸಿನಲ್ಲಿ ಬೇರೂರುವುದು. ಈ ಭಾವನೆ ಸರಿಯೇ, ಈ ಮೂರು ಮಾತುಗಳು ಎಲ್ಲಿಂದ ಬಂದವು, ಕನ್ನಡ ನಾಡಿಗೆ ಯಾವ ದಾರಿಯಿಂದ ಬಂದವು, ಅವುಗಳ ಕೆಲಸವನ್ನು ಕನ್ನಡವು ಹೇಗೆ ನಡೆಸಿಕೊಳ್ಳುತ್ತದೆ, ಎಂಬ ವಿಷಯಗಳನ್ನು ಪರಿಶೀಲಿಸುವುದು ಭಾಷಾಭಿಮಾನಿಗಳಿಗೂ, ಮಕ್ಕಳ ಪಾಠವನ್ನು ನೋಡಿಕೊಳ್ಳುವ ಗೃಹಸ್ಥರಿಗೂ ಉಪಯುಕ್ತವಾದೀತು.

*

ಆರ್ಟಿಕಲ್ ಎಂಬ ಹೆಸರು ಇಂಗ್ಲಿಷಿನದಲ್ಲ. ಗ್ರೀಕ್ ವೈಯಾಕರಣರು ತಮ್ಮ ಭಾಷೆಯ ಪದಗಳನ್ನು ಎಂಟು ವರ್ಗಗಳಾಗಿ ವಿಂಗಡಿಸಿದಾಗ ನಾಮಪದದ ಮುಂದೆ ಬರುವ ಒಂದು ಬಗೆಯ ಕಿರುಮಾತಿಗೆ 'ಆರ್ಥ್ರಾನ್' ಎಂದು ಹೆಸರಿಟ್ಟರು. ಕೀಲು, ಸಂದು ಎಂದು ಅದರ ಅರ್ಥ. ಲ್ಯಾಟಿನ್ ವೈಯಾಕರಣರು ಇದನ್ನು 'ಆರ್ಟಿಕ್ಯುಲಸ್', ಎಂದರೆ ಸಣ್ಣ ಕೀಲು, ಎಂದು ತರ್ಜುಮೆ ಮಾಡಿಕೊಂಡರು. ಸ್ವಾರಸ್ಯವೇನೆಂದರೆ, ಲ್ಯಾಟಿನ್ ಭಾಷೆಯಲ್ಲಿ ಆರ್ಟಿಕಲ್ಲುಗಳೇ ಇಲ್ಲ. ಹೆಸರು ದೊರೆಯಿತು, ಹೆಸರಿಗೆ ತಕ್ಕ ವಸ್ತು ದೊರೆಯಲಿಲ್ಲ. ಕ್ರಿಸ್ತಶಕ ಒಂದನೆಯ ಶತಮಾನದ ಕ್ವಿಂಟಿಲಿಯನ್ ಎಂಬ ರೋಮನ್ ಆಚಾರ್ಯನು ತನ್ನ ಭಾಷೆಗೆ ಈ ಮಾತುಗಳ ಅಗತ್ಯವೇ ಇಲ್ಲವೆಂದು ಹೇಳಿ ಮುಂದೆ ನಡೆದನು. ಎಂಟೆಂಬ ಎಣಿಕೆ ಮುರಿಯಬಾರದೆಂದು ಲ್ಯಾಟಿನ್ ವೈಯಾಕರಣರು ಆರ್ಟಿಕಲ್ಲಿನ ಸ್ಥಾನದಲ್ಲಿ 'ಅಯ್ಯೋ', 'ಆಹಾ' ಎಂಬಂತಹ ಭಾವಸೂಚಕ ಅವ್ಯಯಗಳನ್ನು ಕೂರಿಸಿದರು. ಆರ್ಟಿಕಲ್ಲಿಲ್ಲದ ಲ್ಯಾಟಿನ್ ಭಾಷೆಯಲ್ಲಿಯೇ ಯೂರೋಪಿನ ನ್ಯಾಯಶಾಸ್ತ್ರ, ತತ್ತ್ವಶಾಸ್ತ್ರ, ವಿಜ್ಞಾನಗಳು ನೂರಾರು ವರ್ಷ ಬೆಳೆದುವು. ನ್ಯೂಟನ್ ಮಹಾಶಯನು 1687ರಲ್ಲಿ ತನ್ನ ಮಹಾಗ್ರಂಥವನ್ನು ಪ್ರಕಟಿಸಿದುದೂ ಆ ಭಾಷೆಯಲ್ಲಿಯೇ. ಸಂಸ್ಕೃತದಲ್ಲಿಯೂ ಆರ್ಟಿಕಲ್ಲಿಲ್ಲ, ರಷ್ಯನ್ ಭಾಷೆಯಲ್ಲಿಲ್ಲ, ಜಪಾನೀ ಭಾಷೆಯಲ್ಲಿಲ್ಲ. ಈ ಭಾಷೆಗಳಲ್ಲಿ ಅಸ್ಪಷ್ಟತೆಯಿಂದ ಯಾವ ಶಾಸ್ತ್ರವೂ ಕೆಟ್ಟಿಲ್ಲ.

ಇಂಗ್ಲಿಷಿನ ಆರ್ಟಿಕಲ್ಲುಗಳಾದರೂ ಹುಟ್ಟಿನಿಂದ ಆರ್ಟಿಕಲ್ಲುಗಳಲ್ಲ. ಹಳೆಯ ಇಂಗ್ಲಿಷಿನಲ್ಲಿ 'ಒಂದು' ಎಂಬರ್ಥದ 'ಆನ್' ಎಂಬ ಸಂಖ್ಯಾವಾಚಕವಿತ್ತು. ಒತ್ತಿ ನುಡಿದಾಗ ಅದು ಇಂದಿನ 'ವನ್' ಆಯಿತು; ಒತ್ತಿಲ್ಲದೆ ನುಡಿದಾಗ ಸವೆದು 'ಆನ್' ಎಂದು ಉಳಿಯಿತು; ವ್ಯಂಜನದ ಮುಂದೆ ಇನ್ನೂ ಸವೆದು 'ಎ' ಆಯಿತು. ಹಾಗೆಯೇ 'ಅವನು, ಅವಳು, ಅದು' ಎಂದು ಲಿಂಗಾನುಸಾರವಾಗಿ ಬದಲಾಗುತ್ತಿದ್ದ ಒಂದು ನಿರ್ದೇಶಕ ಸರ್ವನಾಮವು ತನ್ನ ಲಿಂಗವಿಭಕ್ತಿಗಳನ್ನೆಲ್ಲ ಕಳೆದುಕೊಂಡು 'ದಿ' ಎಂದು ನಿಂತಿತು. ಎಂದರೆ 'ಎ' ಎಂಬುದು ಸವೆದ 'ಒಂದು'. 'ದಿ' ಎಂಬುದು ಸವೆದ 'ಆ'. ಫ್ರೆಂಚ್, ಇಟಾಲಿಯನ್, ಸ್ಪ್ಯಾನಿಷ್ ಭಾಷೆಗಳ ಆರ್ಟಿಕಲ್ಲುಗಳೂ ಲ್ಯಾಟಿನ್ನಿನ 'ಒಂದು', 'ಆ' ಎಂಬರ್ಥದ ಮಾತುಗಳಿಂದಲೇ ಹುಟ್ಟಿದುವು. ಕನ್ನಡದಲ್ಲಿ ಈ ಮಾತುಗಳು ಸವೆಯದೆ ಇಡಿಯಾಗಿ ಉಳಿದಿವೆ, ಭೇದವಿಷ್ಟೇ.

ಈ ಸವೆತದಲ್ಲಿ ಕೆಲವು ವಿನೋದಗಳೂ ನಡೆದುವು. 'ಎ' ಯಾವುದು, 'ಆನ್' ಯಾವುದು ಎಂದು ಇಂಗ್ಲಿಷ್ ಜನರೇ ತಿಳಿಯಲಾರದೆ ನಕಾರವನ್ನು ತಪ್ಪಾಗಿ ಒಡೆದ ಸಂದರ್ಭಗಳುಂಟು. ಅಡಿಗೆಯವರು ಕಟ್ಟಿಕೊಳ್ಳುವ ಬಟ್ಟೆಗೆ ಮೊದಲು 'ನೇಪ್ರನ್' ಎಂದು ಹೆಸರಿತ್ತು. 'ಎ ನೇಪ್ರನ್' ಎಂಬುದನ್ನು 'ಆನ್ ಏಪ್ರನ್' ಎಂದು ಒಡೆದುದರಿಂದ ಅದು 'ಏಪ್ರನ್' ಆಯಿತು. ಒಂದು ಜಾತಿಯ ಹಾವಿನ ಹೆಸರಾದ 'ಆ್ಯಡರ್' ಎಂಬುದೂ ಹೀಗೆಯೇ ತನ್ನ ಆದಿಯ ನಕಾರವನ್ನು ಕಳೆದುಕೊಂಡಿತು. ಅಡ್ಡಹೆಸರು ಎಂಬರ್ಥದ 'ನಿಕ್‌ನೇಮ್' ಎಂಬುದರಲ್ಲಿ ಇದಕ್ಕೆ ವಿರುದ್ಧವಾಗಿ ಆರ್ಟಿಕಲ್ಲಿನ ನಕಾರವು ಮುಂದಿನ ಪದಕ್ಕೆ ಅಂಟಿಕೊಂಡಿತು. ಅರಬ್ಬೀ ಭಾಷೆಯ 'ಅಲ್' ಎಂಬ ಆರ್ಟಿಕಲ್ಲು 'ಆಲ್ಜಿಬ್ರ', 'ಆಲ್ಕೊಹಾಲ್' ಎಂಬ ಶಬ್ದಗಳಲ್ಲಿ ಇಂಗ್ಲಿಷಿಗೆ ಸೇರಿ, ಅಲ್ಲಿಂದ ಕನ್ನಡ ಶಾಲೆಗಳಿಗೂ ಬಂದಿದೆ. ಗಣಿತದ ಮೇಷ್ಟರು 'ದಿ ಆಲ್ಜಿಬ್ರ' ಎಂದರೆ ಎರಡು ಆರ್ಟಿಕಲ್ಲುಗಳನ್ನು ಒಟ್ಟಿಗೆ ಹೇಳಿದಂತೆಯೇ ಸರಿ!

*

ಇನ್ನು ಈ ಮಾತುಗಳು ಮೈಸೂರು ಸೀಮೆಗೆ ಬಂದ ಬಗೆ. 1833ರಲ್ಲಿ ಮುಮ್ಮಡಿ ಕೃಷ್ಣರಾಜ ಒಡೆಯರವರು ಮೈಸೂರಿನಲ್ಲಿ ಇಂಗ್ಲಿಷ್ ಪಾಠಶಾಲೆಯನ್ನು ಸ್ಥಾಪಿಸಿದರು. ಅದೇ ಮುಂದೆ ಬೆಳೆದು ಮಹಾರಾಜಾ ಕಾಲೇಜಾಯಿತು. 1857ರಲ್ಲಿ ಸಂಸ್ಥಾನದಲ್ಲಿ ವಿದ್ಯಾಭ್ಯಾಸದ ಇಲಾಖೆ ಏರ್ಪಟ್ಟಿತು. ಮರುವರ್ಷ ಬೆಂಗಳೂರಿನಲ್ಲಿ ಪ್ರಾರಂಭವಾದ ಸೆಂಟ್ರಲ್ ಹೈಸ್ಕೂಲು 1875ರಲ್ಲಿ ಸೆಂಟ್ರಲ್ ಕಾಲೇಜೆಂಬ ಹೆಸರನ್ನು ಪಡೆಯಿತು. 1868ರಲ್ಲಿ ಲೂಯಿ ರೈಸ್ ಅವರ ಯೋಜನೆಯಂತೆ ಹೋಬಳಿ ಹೋಬಳಿಗೂ ಕನ್ನಡ ಪಾಠಶಾಲೆಗಳನ್ನು ತೆರೆಯುವ ಕಾರ್ಯ ಮೊದಲಾಯಿತು. ಬೆಳ್ಳಾವಿಯಂತಹ ಹೋಬಳಿಯ ಗ್ರಾಮದ ಬಾಲಕನಿಗೆ ಇದರಿಂದ ಏರ್ಪಟ್ಟ ಕ್ರಮ ಇದು: ಊರಿನಲ್ಲಿ ಕನ್ನಡದ ಓದುಬರಹ, ಅನಂತರ ಇಂಗ್ಲಿಷಿಗಾಗಿ ತುಮಕೂರಿನಂತಹ ಪಟ್ಟಣಕ್ಕೆ ಪ್ರಯಾಣ. ಕನ್ನಡ ವ್ಯಾಕರಣದ ಸಂಧಿಸಮಾಸಗಳನ್ನು ತಲೆಯಲ್ಲಿ ತುಂಬಿಕೊಂಡು ಹೋದವನಿಗೆ ಅಲ್ಲಿ ಈ ಮೂರು ಮಾತುಗಳ ಭೇಟಿಯಾಗುತ್ತಿತ್ತು.

ಆ ಕಾಲದ ಇಂಗ್ಲಿಷ್ ವ್ಯಾಕರಣಗಳಲ್ಲಿ ಲಿಂಡ್ಲೆ ಮರ್ರೆ ಎಂಬಾತನು 1795ರಲ್ಲಿ ಪ್ರಕಟಿಸಿದ ಗ್ರಂಥಕ್ಕೆ ಬಹಳ ಪ್ರಸಿದ್ಧಿಯಿತ್ತು. ಅವನು ಪದಗಳನ್ನು ಒಂಬತ್ತು ವರ್ಗಗಳಾಗಿ ವಿಂಗಡಿಸಿ ಆರ್ಟಿಕಲ್ಲಿಗೆ ಮೊದಲನೆಯ ಸ್ಥಾನವನ್ನು ಕೊಟ್ಟಿದ್ದನು. ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಹಿಂದೂದೇಶದ ಶಾಲೆಗಳಲ್ಲೆಲ್ಲ ಹರಡಿದ ನೆಸ್‌ಫೀಲ್ಡನ ವ್ಯಾಕರಣವು ಅವನ್ನು ವಿಶೇಷಣಗಳಲ್ಲಿ ಸೇರಿಸಿತು. 1930ರ ದಶಕದಲ್ಲಿ ರೆನ್ ಮತ್ತು ಮಾರ್ಟಿನ್ ಎಂಬವರು ಹೊರತಂದು, ಇಂದಿಗೂ ಪುನರ್ಮುದ್ರಣವಾಗುತ್ತಿರುವ ವ್ಯಾಕರಣದಲ್ಲಿಯೂ ಇದೇ ಕ್ರಮವಿದೆ. ವರ್ಗ ಯಾವುದಾದರೇನು? ಬಾಲಕನ ಪಾಲಿಗೆ ಬಂದುದು ನಿಯಮಗಳ ಒಂದು ಪಟ್ಟಿ: ನದಿಗಳ ಹೆಸರಿಗೆ 'ದಿ' ಸೇರಿಸು, ಊರುಗಳ ಹೆಸರಿಗೆ ಬೇಡ, ಪರ್ವತಪಂಕ್ತಿಗೆ ಸೇರಿಸು, ಒಂಟಿ ಶಿಖರಕ್ಕೆ ಬೇಡ. ಶಿಂಷಾ ಜಯಮಂಗಲೀ ನದಿಗಳಿಗೆ 'ದಿ' ಬೇಕು, ಅವು ಹುಟ್ಟುವ ದೇವರಾಯನದುರ್ಗಕ್ಕೆ ಬೇಡ, ಬೆಳ್ಳಾವಿಗೂ ಬೇಡ. ಏಕೆಂಬುದನ್ನು ಪುಸ್ತಕವೂ ಹೇಳಲಿಲ್ಲ, ಮೇಷ್ಟರೂ ಹೇಳಲಿಲ್ಲ.

ಇದೇ ವೇಳೆಗೆ ಈ ತೊಡಕಿನ ಮತ್ತೊಂದು ಮುಖವು ಬೆಳ್ಳಾವಿಗೆ ಸಮೀಪದ ಗುಬ್ಬಿಯಲ್ಲಿಯೇ ಕಾಣಿಸಿಕೊಂಡಿತು. 1830ರ ದಶಕದ ಕೊನೆಯಲ್ಲಿ ವೆಸ್ಲಿಯನ್ ಮಿಷನ್ನಿನವರು ಗುಬ್ಬಿಯಲ್ಲಿ ನೆಲಸಿದರು. ಅವರಲ್ಲಿ ತಾಮಸ್ ಹಾಡ್‌ಸನ್ ಒಬ್ಬರು. 1839ರಲ್ಲಿ ಬಂದು ಕಣ್ಣಿನ ಬೇನೆಯಿಂದ 1841ರಲ್ಲಿ ಸ್ವದೇಶಕ್ಕೆ ಹಿಂದಿರುಗಿದ ವಿಲಿಯಂ ಆರ್ಥರ್ ಇನ್ನೊಬ್ಬರು. ಆರ್ಥರ್ 1847ರಲ್ಲಿ ಮೈಸೂರು ಸೀಮೆಯ ವಿಷಯವಾಗಿ ಒಂದು ಪುಸ್ತಕವನ್ನು ಬರೆದರು. ಹಾಡ್‌ಸನ್ 1859ರಲ್ಲಿ ಇಂಗ್ಲಿಷಿನಲ್ಲಿ ಒಂದು ಕನ್ನಡ ವ್ಯಾಕರಣವನ್ನು ಪ್ರಕಟಿಸಿದರು. ಇದಕ್ಕೆ ಹಿಂದೆಯೇ 1817ರಲ್ಲಿ ಶ್ರೀರಾಮಪುರದಿಂದ ವಿಲಿಯಂ ಕೇರಿಯ ವ್ಯಾಕರಣವೂ, 1820ರಲ್ಲಿ ಮದರಾಸಿನಿಂದ ಮೆಕೆರೆಲ್ಲನ ವ್ಯಾಕರಣವೂ ಹೊರಬಿದ್ದಿದ್ದುವು. ಮುಂದೆ 1903ರಲ್ಲಿ ಕಿಟ್ಟೆಲ್ ಅವರ ದೊಡ್ಡ ವ್ಯಾಕರಣವು ಮಂಗಳೂರಿನಿಂದ ಬಂದಿತು. ಈ ಗ್ರಂಥಗಳನ್ನು ಓದಿ ಕನ್ನಡ ಕಲಿಯುವ ಪರದೇಶಿಯರಿಗೆ ಎದುರಾದ ಕಷ್ಟ ಬಾಲಕನ ಕಷ್ಟಕ್ಕೆ ಸರಿಯಾಗಿ ತಿರುವುಮುರುವಾದುದು. ಇರುವುದನ್ನು ಬಿಡುವುದನ್ನು ಅವರು ಕಲಿಯಬೇಕಾಗಿತ್ತು. ಪ್ರತಿಯೊಂದು ನಾಮಪದದ ಹಿಂದೆಯೂ 'ಒಂದು' ಎಂದೋ 'ಆ' ಎಂದೋ ಸೇರಿಸಿದರೆ ಕನ್ನಡವು ಕನ್ನಡವಾಗುವುದಿಲ್ಲ. 'ಒಂದು ನೀರು ತಾ, ಆ ಸೂರ್ಯ ಹುಟ್ಟಿದನು' ಎಂದರೆ ಸಂತೆಗೆ ಬಂದ ಹಳ್ಳಿಗನೂ ನಗುತ್ತಾನೆ. ಬಾಲಕನ 'ಹೀ ಈಸ್ ಟೀಚರ್' ಎಂಬ ವಾಕ್ಯಕ್ಕೆ ಇಂಗ್ಲಿಷಿನವನು ನಗುವುದೂ ಇದೇ ಬಗೆಯ ನಗು. ಎರಡು ಕಡೆಯಲ್ಲಿಯೂ ಬುದ್ಧಿಯ ಕೊರತೆಯಿಲ್ಲ. ತಾಯ್ನುಡಿಯ ಅಭ್ಯಾಸಬಲ ಮಾತ್ರ ಇರುವುದು.

*

ಹಾಗಾದರೆ ಈ ಮಾತುಗಳ ಕೆಲಸವೇನು? ಹೇಳುವವನು ಒಂದು ವಸ್ತುವನ್ನು ಹೆಸರಿಸಿದಾಗ, ಅದು ಕೇಳುವವನಿಗೆ ಹೊಸದೋ, ಅವನ ಮನಸ್ಸಿನಲ್ಲಿ ಆಗಲೇ ಗೊತ್ತಾಗಿರುವುದೋ ಎಂಬುದನ್ನು ಸೂಚಿಸುವುದೇ ಇವುಗಳ ಮುಖ್ಯ ಕಾರ್ಯ. ಹೊಸದಾದರೆ 'ಎ' ಅಥವಾ 'ಆನ್', ಗೊತ್ತಾದುದಾದರೆ 'ದಿ'. ಈ ವಿವೇಚನೆ ಕನ್ನಡಿಗನಿಗೆ ಅಪರಿಚಿತವಾದುದಲ್ಲ. ಅಜ್ಜಿಯು ಮೊಮ್ಮಗನಿಗೆ ಕಥೆಯನ್ನು ಪ್ರಾರಂಭಿಸುವ ಬಗೆಯನ್ನು ನೋಡಬಹುದು: 'ಒಂದಾನೊಂದು ಊರಿನಲ್ಲಿ ಒಬ್ಬ ರಾಜನಿದ್ದ, ಆ ರಾಜನಿಗೆ ಮೂವರು ಹೆಂಡಿರು.' ಮೊದಲ ಸಲ 'ಒಬ್ಬ ರಾಜ', ಎರಡನೆಯ ಸಲ 'ಆ ರಾಜ'. ಇಂಗ್ಲಿಷಿನ 'ಎ ಕಿಂಗ್', 'ದಿ ಕಿಂಗ್' ಎಂಬುದು ಇದೇ. ಶಾಲೆಗೆ ಹೋಗುವ ಮೊದಲೇ ಬಾಲಕನು ಈ ಭೇದವನ್ನು ಕಿವಿಯಿಂದ ಕಲಿತಿರುತ್ತಾನೆ. ಅದನ್ನು ಅವನಿಗೆ ನೆನಪುಮಾಡಿಕೊಡುವವರು ಬೇಕಾಗಿದ್ದಾರೆ.

ಎರಡನೆಯ ಉಪಾಯವು ವಿಭಕ್ತಿಯಲ್ಲಿದೆ. 'ಅವನು ಪುಸ್ತಕ ಓದಿದನು', 'ಅವನು ಪುಸ್ತಕವನ್ನು ಓದಿದನು' ಎಂಬ ಎರಡು ವಾಕ್ಯಗಳಿಗೆ ಅರ್ಥ ಒಂದೇ ಅಲ್ಲ. ಮೊದಲನೆಯದರಲ್ಲಿ ಯಾವುದೋ ಒಂದು ಪುಸ್ತಕ, ಅಥವಾ ಓದುವಿಕೆಯೆಂಬ ಕೆಲಸವಷ್ಟೇ; ಎರಡನೆಯದರಲ್ಲಿ ಗೊತ್ತಾದ ಪುಸ್ತಕವೆಂಬ ಭಾವ ಬಲವಾಗಿದೆ. ಮದುವೆಯ ಮನೆಗಳ ಮಾತಿನಲ್ಲಿ ಇದು ಇನ್ನೂ ಸ್ಪಷ್ಟ. 'ಹೆಣ್ಣು ನೋಡಲು ಹೋದರು' ಎಂದರೆ ಸಂಬಂಧವನ್ನು ಅರಸಿ ಹೋದರೆಂದು ಅರ್ಥ. 'ಹೆಣ್ಣನ್ನು ನೋಡಿ ಬಂದರು' ಎಂದರೆ ಆಗಲೇ ಮಾತು ನಡೆದಿರುವ ಒಬ್ಬ ಕನ್ಯೆಯನ್ನು ನೋಡಿಬಂದರೆಂದು ಅರ್ಥ. ಒಂದು 'ಅನ್ನು' ಎಂಬ ಪ್ರತ್ಯಯ ಇಷ್ಟು ಕೆಲಸವನ್ನು ಮಾಡುತ್ತದೆ. ವಿಭಕ್ತಿಪಲ್ಲಟವೆಂಬ ಹೆಸರಿನಲ್ಲಿ ಶಾಲೆಯ ವ್ಯಾಕರಣಗಳು ಇಂತಹ ಪ್ರಯೋಗಗಳನ್ನು ಹೇಳಿ ಸುಮ್ಮನಾಗುತ್ತವೆ. ಇದರೊಳಗಣ ಅರ್ಥಭೇದವನ್ನು ಇತ್ತೀಚಿನ ಭಾಷಾಶಾಸ್ತ್ರಜ್ಞರು ವಿಶೇಷವಾಗಿ ಗಮನಿಸಿದ್ದಾರೆ.

ಮೂರನೆಯದು ಪದಗಳ ಕ್ರಮ. 'ಮೇಜಿನ ಮೇಲೆ ಪುಸ್ತಕವಿದೆ' ಎಂಬಲ್ಲಿ ಪುಸ್ತಕವು ಹೊಸದು. ಇಂಗ್ಲಿಷಿನಲ್ಲಿ 'ಎ ಬುಕ್'. 'ಪುಸ್ತಕ ಮೇಜಿನ ಮೇಲಿದೆ' ಎಂಬಲ್ಲಿ ಪುಸ್ತಕವು ಗೊತ್ತಾದುದು. ಅದನ್ನೇ ಹುಡುಕುತ್ತಿರುವವನಿಗೆ ಹೇಳುವ ಮಾತು ಅದು. ಇಂಗ್ಲಿಷಿನಲ್ಲಿ 'ದಿ ಬುಕ್'. ಇಂಗ್ಲಿಷು ಒಂದು ಕಿರುಮಾತನ್ನು ಖರ್ಚುಮಾಡಿ ಹೇಳುವುದನ್ನು ಕನ್ನಡವು ಸ್ಥಾನಭೇದದಿಂದಲೇ ಹೇಳುತ್ತದೆ. ಅಮೆರಿಕದಲ್ಲಿ 1960ರ ದಶಕದಲ್ಲಿ ಹತ್ತು ಲಕ್ಷ ಇಂಗ್ಲಿಷ್ ಪದಗಳ ಒಂದು ಸಂಗ್ರಹವನ್ನು ಎಣಿಸಿ ನೋಡಿದಾಗ 'ದಿ' ಎಂಬ ಒಂದೇ ಮಾತು ಸುಮಾರು 70 ಸಾವಿರ ಸಲ ಬಂದಿತ್ತು. ಮಾತಿಗೆ ಇಷ್ಟೆಂದು ಹಣ ತೆರಬೇಕಾದ ತಂತಿಯಲ್ಲಿ ಇಂಗ್ಲಿಷ್ ಜನರೇ ಈ ಮಾತುಗಳನ್ನು ಮೊದಲು ಕೈಬಿಡುತ್ತಿದ್ದರು. ಆದರೂ ಅರ್ಥ ಕೆಡುತ್ತಿರಲಿಲ್ಲ. ಹಿಂದೂದೇಶದಲ್ಲಿ 2013ರಲ್ಲಿ ತಂತಿಯ ವ್ಯವಸ್ಥೆ ನಿಂತುಹೋಯಿತು. ಪತ್ರಿಕೆಗಳ ತಲೆಬರಹಗಳಲ್ಲಿ ಆ ಮಿತವ್ಯಯ ಇಂದಿಗೂ ಉಳಿದಿದೆ.

*

'ಎ', 'ಆನ್' ಎಂಬೆರಡರಲ್ಲಿ ಆರಿಸಿಕೊಳ್ಳುವ ವಿಷಯದಲ್ಲಂತೂ ಕನ್ನಡದ ಬಾಲಕನಿಗೆ ಅನುಕೂಲವೇ ಹೆಚ್ಚು. ಸ್ವರದ ಮುಂದೆ 'ಆನ್', ವ್ಯಂಜನದ ಮುಂದೆ 'ಎ' ಎಂಬುದು ನಿಯಮ. ಸಂಸ್ಕೃತದ ನಞ್ ಸಮಾಸವನ್ನು ಬಲ್ಲವನಿಗೆ ಇದು ಮನೆಯ ಮಾತು. ಧರ್ಮವಲ್ಲದುದು ಅಧರ್ಮ, ಸತ್ಯವಲ್ಲದುದು ಅಸತ್ಯ. ಆದರೆ ಆದಿಯಿಲ್ಲದುದು ಅನಾದಿ, ಅಂತವಿಲ್ಲದುದು ಅನಂತ, ಉಚಿತವಲ್ಲದುದು ಅನುಚಿತ. ವ್ಯಂಜನದ ಮುಂದೆ 'ಅ', ಸ್ವರದ ಮುಂದೆ 'ಅನ್'. ಅರ್ಥ ಬೇರೆ, ವ್ಯವಸ್ಥೆ ಒಂದೇ. ಸ್ವರಕ್ಕೆ ಸ್ವರ ತಗುಲಿದಾಗ ನಡುವೆ ಒಂದು ವ್ಯಂಜನವನ್ನು ಬಯಸುವುದು ನಾಲಗೆಯ ಸ್ವಭಾವ. ಕನ್ನಡದ ಯಕಾರಾಗಮ ವಕಾರಾಗಮಗಳೂ ಇದೇ ಅಗತ್ಯದ ಫಲ.

ಹುಡುಗರು ತಪ್ಪುವುದು ಇಂಗ್ಲಿಷಿನ ಲಿಪಿಯನ್ನು ನಂಬುವುದರಿಂದ. ಆ ಲಿಪಿಯಲ್ಲಿ ಬರಹಕ್ಕೂ ಉಚ್ಚಾರಣೆಗೂ ಹೊಂದಿಕೆಯಿಲ್ಲ. ಅದೇ ಶಬ್ದವನ್ನು ಕನ್ನಡ ಲಿಪಿಯಲ್ಲಿ ಬರೆದು ನೋಡಿದರೆ ಸಂಶಯ ತಾನಾಗಿಯೇ ಪರಿಹಾರವಾಗುತ್ತದೆ. ಗಂಟೆ ಎಂಬರ್ಥದ ಶಬ್ದವನ್ನು ಇಂಗ್ಲಿಷಿನವರು ಹಕಾರದಿಂದ ಬರೆದರೂ ನುಡಿಯುವುದು 'ಅವರ್' ಎಂದು. ಆದುದರಿಂದ 'ಆನ್ ಅವರ್'. ವಿಶ್ವವಿದ್ಯಾನಿಲಯ ಎಂಬರ್ಥದ ಶಬ್ದವನ್ನು ಸ್ವರದಿಂದ ಬರೆದರೂ ನುಡಿಯುವುದು 'ಯೂನಿವರ್ಸಿಟಿ' ಎಂದು. ಯಕಾರ ವ್ಯಂಜನವಾದುದರಿಂದ 'ಎ ಯೂನಿವರ್ಸಿಟಿ'. ಪದವಿಗಳ ಹೆಸರಿನಲ್ಲಿಯೂ ಹಾಗೆಯೇ: 'ಎ ಬಿ.ಎ.', ಆದರೆ 'ಆನ್ ಎಂ.ಎ.'; ಏಕೆಂದರೆ 'ಬಿ' ಎಂಬುದು ಬಕಾರದಿಂದಲೂ 'ಎಂ' ಎಂಬುದು ಎಕಾರದಿಂದಲೂ ಪ್ರಾರಂಭವಾಗುತ್ತದೆ. ಒಂದೇ ಒಂದು ಎಚ್ಚರಿಕೆ ಅವಶ್ಯಕ. ಕನ್ನಡಿಗರ ಬಾಯಿಯಲ್ಲಿ ಎಕಾರವು 'ಯೆ' ಎಂದೂ ಒಕಾರವು 'ವೊ' ಎಂದೂ ಹೊರಡುವುದುಂಟು. 'ಯೆಗ್' ಎಂದು ನುಡಿಯುವ ಬಾಲಕನು ಮೊಟ್ಟೆಗೆ 'ಎ' ಎಂದು ಸೇರಿಸಿದರೆ ಅವನ ಕಿವಿಯ ಪ್ರಕಾರ ಅವನು ಸರಿಯಾಗಿಯೇ ಇದ್ದಾನೆ. ತಿದ್ದಬೇಕಾದುದು ಆರ್ಟಿಕಲ್ಲನ್ನಲ್ಲ, ಉಚ್ಚಾರಣೆಯನ್ನು.

*

ಇಷ್ಟಾದರೂ ಕನ್ನಡದ ಊರುಗೋಲು ಎಲ್ಲೆಡೆಯಲ್ಲಿಯೂ ನೆರವಾಗುವುದೆಂದು ಹೇಳುವುದು ಸತ್ಯಕ್ಕೆ ದೂರವಾದೀತು. ಶಾಲೆಯ ಮೆಟ್ಟಿಲನ್ನು ಹತ್ತಿದವರೆಲ್ಲರೂ ಬಾಯಿಪಾಠಮಾಡಿದ ಒಂದು ವಾಕ್ಯವುಂಟು: 'ದಿ ಕೌ ಈಸ್ ಎ ಯೂಸ್‌ಫುಲ್ ಆನಿಮಲ್.' ಹಸುವಿನ ಮೇಲಣ ಪ್ರಬಂಧದ ಮೊದಲ ಪಂಕ್ತಿ ಇದು. ಇದರ ಕನ್ನಡ, 'ಹಸು ಉಪಯುಕ್ತವಾದ ಪ್ರಾಣಿ.' ಇಂಗ್ಲಿಷಿನಲ್ಲಿ ಎರಡು ಆರ್ಟಿಕಲ್ಲು. ಕನ್ನಡದಲ್ಲಿ ಒಂದೂ ಇಲ್ಲ. ಈ ಒಂದು ವಾಕ್ಯವನ್ನು ಬಿಡಿಸಿ ಹೇಳಿದರೆ ಅರ್ಧ ಪಾಠ ಮುಗಿದಂತೆ.

ಮೊದಲನೆಯದು 'ದಿ ಕೌ'. ಇಲ್ಲಿ ಗೊತ್ತಾದುದು ಯಾವ ಒಂದು ಹಸುವೂ ಅಲ್ಲ, ಹಸುವೆಂಬ ಜಾತಿ. ಜಾತಿಯನ್ನು ಹೇಳುವಾಗಲೂ ಇಂಗ್ಲಿಷು ಏಕವಚನಕ್ಕೆ 'ದಿ' ಸೇರಿಸಬಲ್ಲದು. ಎರಡನೆಯದು 'ಎ ಆನಿಮಲ್' ಎಂಬ ವಿಧೇಯ. ಒಂದು ವಸ್ತುವು ಇಂತಹ ವರ್ಗಕ್ಕೆ ಸೇರಿದುದು ಎಂದು ಹೇಳುವಾಗ, ಆ ವರ್ಗದಲ್ಲಿ ಹಲವುಂಟು, ಅವುಗಳಲ್ಲಿ ಇದೊಂದು ಎಂಬುದನ್ನು ಇಂಗ್ಲಿಷು 'ಎ' ಎಂಬುದರಿಂದ ಹೇಳಿಯೇ ತೀರಬೇಕು. 'ಅವರು ಮೇಷ್ಟರು', 'ಅವಳು ವೈದ್ಯೆ' ಎಂದು ಕನ್ನಡದಲ್ಲಿ ಹೇಳಿದರೆ ಸಾಕು. ಇಂಗ್ಲಿಷಿನಲ್ಲಿ 'ಎ ಟೀಚರ್', 'ಎ ಡಾಕ್ಟರ್' ಎನ್ನಬೇಕು. ಕನ್ನಡಿಗರ ತಪ್ಪುಗಳಲ್ಲಿ ಹೆಚ್ಚಿನ ಪಾಲು ಈ ಸ್ಥಾನದಲ್ಲಿ ನಡೆಯುವುದು. ಇಲ್ಲಿ ತಾಯ್ನುಡಿಯು ಯಾವ ಸೂಚನೆಯನ್ನೂ ಕೊಡುವುದಿಲ್ಲ. ಮೂರನೆಯದು, 'ಆನಿಮಲ್' ಎಂಬುದು ಸ್ವರಾದಿಯಾದರೂ ನಡುವೆ 'ಯೂಸ್‌ಫುಲ್' ಬಂದುದರಿಂದ 'ಆನ್' ಹೋಗಿ 'ಎ' ಬಂದಿದೆ. ಆರ್ಟಿಕಲ್ಲು ತನ್ನ ಪಕ್ಕದ ಮಾತಿನ ಧ್ವನಿಯನ್ನು ನೋಡುವುದೇ ಹೊರತು ತಾನು ಸೇರಬೇಕಾದ ನಾಮಪದವನ್ನಲ್ಲ. ಬಾಯಿಪಾಠವಾದ ವಾಕ್ಯದಲ್ಲಿ ಇಷ್ಟು ಅಡಗಿರುವುದನ್ನು ತೋರಿಸಿಕೊಟ್ಟರೆ ಬಾಯಿಪಾಠವು ವಿದ್ಯೆಯಾಗುತ್ತದೆ. ಇಲ್ಲದಿದ್ದರೆ ಹಸುವಿಗೆ 'ದಿ' ಸೇರಿಸಿದ ಬಾಲಕನು ಮುಂದಿನ ಪಂಕ್ತಿಯಲ್ಲಿ ಹಾಲಿಗೆ 'ಎ' ಸೇರಿಸುತ್ತಾನೆ. ಹಾಲು, ನೀರು, ಅಕ್ಕಿ, ಚಿನ್ನ ಇವು ಎಣಿಸುವ ವಸ್ತುಗಳಲ್ಲ, ಅಳೆಯುವ ವಸ್ತುಗಳು. ಎಣಿಕೆಯಿಂದ ಹುಟ್ಟಿದ 'ಎ' ಎಂಬುದಕ್ಕೆ ಅಲ್ಲಿ ಎಡೆಯಿಲ್ಲ.

ಸಾಮಾನ್ಯ ವಾಕ್ಯಗಳಲ್ಲಿ ಹೀಗೆ ಮೂರು ಪ್ರಶ್ನೆಗಳನ್ನು ಕ್ರಮವಾಗಿ ಹಾಕಿಕೊಂಡರೆ ಬಹುಪಾಲು ದಾರಿ ಸುಗಮವಾಗುವುದು. ಕೇಳುವವನಿಗೆ ಯಾವುದೆಂದು ಗೊತ್ತಿದೆಯೆ? ಗೊತ್ತಿದ್ದರೆ 'ದಿ'. ಗೊತ್ತಿಲ್ಲದಿದ್ದರೆ, ಎಣಿಸುವ ವಸ್ತುವೆ, ಒಂದೇ ಇದೆಯೆ? ಹೌದಾದರೆ 'ಎ' ಅಥವಾ 'ಆನ್'. ಅಳೆಯುವ ವಸ್ತುವೂ ಬಹುವಚನವೂ ಆದರೆ ಏನೂ ಬೇಡ. ಕೊನೆಯದಾಗಿ, ಮುಂದಿನ ಧ್ವನಿ ಸ್ವರವೋ ವ್ಯಂಜನವೋ? ಊರುಗಳ, ಮನುಷ್ಯರ ಹೆಸರುಗಳು ತಾವೇ ಗೊತ್ತಾಗಿರುವುವಾದುದರಿಂದ ಅವಕ್ಕೆ ಈ ವಿಚಾರಣೆಯೇ ಬೇಡ. ನದಿಗಳ ಹೆಸರಿನಂತಹವು ಉಳಿಯುತ್ತವೆ. ಅವು ರೂಢಿಯ ಅಧೀನ. ಓದಿನ ಬಲದಿಂದಲೇ ಅವು ಬರಬೇಕು.

*

ಎರಡು ಭಾಷೆಗಳನ್ನೂ ಎದುರುಬದುರಾಗಿ ಇಟ್ಟುಕೊಂಡು ದುಡಿದ ಮಹನೀಯರಲ್ಲಿ ಹಲವರು ತುಮಕೂರು ಸೀಮೆಗೆ ಸೇರಿದವರೆಂಬುದು ಸಂತೋಷದ ಸಂಗತಿ. ಬೆಳ್ಳಾವಿಯ ಹೆಸರನ್ನು ತಮ್ಮ ಹೆಸರಿನ ಮುಂದೆ ಧರಿಸಿದ ಬೆಳ್ಳಾವೆ ವೆಂಕಟನಾರಣಪ್ಪನವರು 1872ರಲ್ಲಿ ಜನಿಸಿ, ಸೆಂಟ್ರಲ್ ಕಾಲೇಜಿನಲ್ಲಿ ಭೌತವಿಜ್ಞಾನದ ಅಧ್ಯಾಪಕರಾಗಿದ್ದರು. ತರಗತಿಯಲ್ಲಿ ಇಂಗ್ಲಿಷಿನಲ್ಲಿ ಪಾಠ. ಹೊರಗೆ ಕನ್ನಡದ ಸೇವೆ. 1918ರಲ್ಲಿ ನಂಗಪುರಂ ವೆಂಕಟೇಶಯ್ಯಂಗಾರ್ಯರೊಡನೆ 'ವಿಜ್ಞಾನ' ಎಂಬ ಮಾಸಪತ್ರಿಕೆಯನ್ನು ಹೊರಡಿಸಿ, ಇಂಗ್ಲಿಷ್ ಗ್ರಂಥಗಳಲ್ಲಿ ಮಾತ್ರ ದೊರೆಯುತ್ತಿದ್ದ ವಿಷಯಗಳನ್ನು ಕನ್ನಡದಲ್ಲಿ ಹೇಳಿ ತೋರಿಸಿದರು. 1931ರಲ್ಲಿ ಪರಿಷತ್ತಿಗಾಗಿ ಪಂಪಭಾರತವನ್ನು ಸಂಪಾದಿಸಿದರು. 1937ರಲ್ಲಿ ಜಮಖಂಡಿಯ ಸಾಹಿತ್ಯ ಸಮ್ಮೇಳನದ ಅಧ್ಯಕ್ಷರಾದರು. ಮೈಸೂರು ವಿಶ್ವವಿದ್ಯಾನಿಲಯದ ಇಂಗ್ಲಿಷ್-ಕನ್ನಡ ನಿಘಂಟಿನ ಸಂಪಾದನೆಯಲ್ಲಿ ಅವರು ಪಟ್ಟ ಶ್ರಮ ದೊಡ್ಡದು. 1943ರಲ್ಲಿ ಅವರು ಕಾಲವಾದರು. ನಿಘಂಟು 1946ರಲ್ಲಿ ಹೊರಬಂದಿತು. ಅಂತಹ ನಿಘಂಟನ್ನು ರಚಿಸುವವರಿಗೆ 'ಎಲೆಕ್ಟ್ರಿಸಿಟಿ' ಎಂಬ ಶಬ್ದಕ್ಕಿಂತ 'ದಿ' ಎಂಬ ಶಬ್ದವೇ ಕಷ್ಟವಾದುದು. ಮೊದಲನೆಯದಕ್ಕೆ ವಿದ್ಯುತ್ತು ಎಂದು ಒಂದು ಮಾತು ಸಾಕು; ಎರಡನೆಯದಕ್ಕೆ ಕನ್ನಡದಲ್ಲಿ ಪರ್ಯಾಯಪದವಿಲ್ಲ, ಪ್ರಯೋಗಗಳ ವಿವರಣೆ ಮಾತ್ರ ಸಾಧ್ಯ.

ತುರುವೇಕೆರೆ ತಾಲ್ಲೂಕಿನ ಸಂಪಿಗೆಯಲ್ಲಿ 1884ರಲ್ಲಿ ಹುಟ್ಟಿದ ಬಿ. ಎಂ. ಶ್ರೀಕಂಠಯ್ಯನವರು ಇಂಗ್ಲಿಷಿನ ಪ್ರಾಧ್ಯಾಪಕರಾಗಿದ್ದು, 1926ರಲ್ಲಿ 'ಇಂಗ್ಲಿಷ್ ಗೀತಗಳು' ಎಂಬ ಸಂಕಲನವನ್ನು ಪ್ರಕಟಿಸಿದರು. ಅದರಲ್ಲಿ ತಾಮಸ್ ಹುಡ್ ಕವಿಯ 'ದಿ ಬ್ರಿಡ್ಜ್ ಆಫ್ ಸೈಸ್' ಎಂಬ ಕವನಕ್ಕೆ 'ದುಃಖಸೇತು' ಎಂದು ಹೆಸರು. ನಾಲ್ಕು ಮಾತುಗಳಲ್ಲಿ ಎರಡು ಕಿರುಮಾತುಗಳು ಸಮಾಸದಲ್ಲಿ ಕರಗಿಹೋಗಿ ಎರಡು ಉಳಿದಿವೆ. ಅರ್ಥದಲ್ಲಿ ಮಾತ್ರ ಏನೂ ಸೋರಿಹೋಗಿಲ್ಲ. ಚಿಕ್ಕನಾಯಕನಹಳ್ಳಿ ತಾಲ್ಲೂಕಿನ ತೀರ್ಥಪುರದಲ್ಲಿ 1906ರಲ್ಲಿ ಜನಿಸಿದ ತೀ. ನಂ. ಶ್ರೀಕಂಠಯ್ಯನವರು ಕನ್ನಡಕ್ಕೆ ಕನ್ನಡದ ಕಣ್ಣಿನಿಂದಲೇ 'ಕನ್ನಡ ಮಧ್ಯಮ ವ್ಯಾಕರಣ'ವನ್ನು ರಚಿಸಿಕೊಟ್ಟರು. ಇಂಗ್ಲಿಷನ್ನು ಬಲ್ಲ ಇವರಾರೂ ಅದರಲ್ಲಿರುವುದೆಲ್ಲ ಕನ್ನಡದಲ್ಲಿಯೂ ಇರಬೇಕೆಂದು ಹಟಹಿಡಿಯಲಿಲ್ಲ. ಇಲ್ಲದುದಕ್ಕಾಗಿ ಕನ್ನಡವನ್ನು ಹಳಿಯಲೂ ಇಲ್ಲ.

*

ಸ್ವಾತಂತ್ರ್ಯಾನಂತರದಲ್ಲಿ ಇಂಗ್ಲಿಷ್ ಬೋಧನೆಯ ಕ್ರಮಗಳು ಹಲವು ಸಲ ಬದಲಾದುವು. ನಿಯಮಗಳ ಪಟ್ಟಿಯನ್ನು ಬಿಟ್ಟು ವಾಕ್ಯಗಳ ಮಾದರಿಗಳನ್ನು ಮತ್ತೆ ಮತ್ತೆ ಹೇಳಿಸುವ ಪದ್ಧತಿ 1950ರ ಅನಂತರ ಬಂದಿತು. 1979ರಿಂದ 1984ರ ವರೆಗೆ ಎನ್. ಎಸ್. ಪ್ರಭು ಅವರ ನೇತೃತ್ವದಲ್ಲಿ ಬೆಂಗಳೂರು, ಮದರಾಸು ಮೊದಲಾದ ಕಡೆಗಳ ಕೆಲವು ಶಾಲೆಗಳಲ್ಲಿ ಒಂದು ಪ್ರಯೋಗ ನಡೆಯಿತು. ಲೋಕದಲ್ಲಿ ಅದು ಬೆಂಗಳೂರಿನ ಹೆಸರಿನಿಂದಲೇ ಪ್ರಸಿದ್ಧವಾಗಿದೆ. ವ್ಯಾಕರಣವನ್ನು ನೇರವಾಗಿ ಬೋಧಿಸದೆ, ನಕ್ಷೆ, ರೈಲಿನ ವೇಳಾಪಟ್ಟಿ ಮುಂತಾದುವನ್ನು ಮಕ್ಕಳ ಮುಂದಿಟ್ಟು, ಇಂಗ್ಲಿಷಿನಲ್ಲಿಯೇ ಲೆಕ್ಕಾಚಾರ ಹಾಕಿ ಉತ್ತರಗಳನ್ನು ಹುಡುಕಿಸುವುದು ಅದರ ಕ್ರಮ. ಅರ್ಥದಲ್ಲಿ ಮನಸ್ಸು ನೆಟ್ಟರೆ ರೂಪವು ತಾನಾಗಿಯೇ ಹಿಂದೆ ಬರುವುದೆಂದು ಅವರ ಅಭಿಪ್ರಾಯ. 1987ರಲ್ಲಿ ಅದನ್ನು ಗ್ರಂಥರೂಪದಲ್ಲಿಯೂ ಪ್ರಕಟಿಸಿದರು. ಇಂಗ್ಲಿಷ್ ತಾಯ್ನುಡಿಯಾದ ಶಿಶುಗಳೂ ಮೊದಮೊದಲು ಈ ಮಾತುಗಳನ್ನು ಬಿಟ್ಟೇ ಮಾತಾಡುತ್ತವೆಂಬುದನ್ನು ನೆನೆದರೆ ಈ ಅಭಿಪ್ರಾಯಕ್ಕೆ ಬಲ ಬರುತ್ತದೆ. ಆದರೆ ಆ ಶಿಶುಗಳ ಸುತ್ತ ದಿನವೆಲ್ಲ ಇಂಗ್ಲಿಷ್ ಮಾತು ತುಂಬಿರುತ್ತದೆ. ಹಳ್ಳಿಯ ಶಾಲೆಯ ಮಗುವಿಗೆ ಅದು ದಿನಕ್ಕೆ ಒಂದು ಗಳಿಗೆಯೋ ಎರಡು ಗಳಿಗೆಯೋ ಮಾತ್ರ. ಅಷ್ಟು ಅಲ್ಪಕಾಲದಲ್ಲಿ ಕಿವಿಯೊಂದನ್ನೇ ನಂಬಿದರೆ ಸಾಲದು. ಆಗಲೇ ಬಲ್ಲ ಭಾಷೆಯ ಸಹಾಯವನ್ನು ತೆಗೆದುಕೊಳ್ಳುವುದು ಜಾಣತನ.

2007ನೆಯ ಇಸವಿಯ ಶೈಕ್ಷಣಿಕ ವರ್ಷದಿಂದ ಕರ್ನಾಟಕದ ಸರ್ಕಾರಿ ಶಾಲೆಗಳಲ್ಲಿ ಒಂದನೆಯ ತರಗತಿಯಿಂದಲೇ ಇಂಗ್ಲಿಷನ್ನು ಒಂದು ಭಾಷೆಯಾಗಿ ಕಲಿಸುವ ಏರ್ಪಾಡು ಬಂದಿದೆ. ಹಿಂದೆ ಬೆಳ್ಳಾವಿಯ ಬಾಲಕನು ಕನ್ನಡವನ್ನು ಗಟ್ಟಿಮಾಡಿಕೊಂಡು ತುಮಕೂರಿಗೆ ಹೋಗಿ ಎದುರಿಸುತ್ತಿದ್ದ ಮೂರು ಮಾತುಗಳನ್ನು ಇಂದಿನ ಬಾಲಕಿಯು ಆರನೆಯ ವಯಸ್ಸಿನಲ್ಲಿ ತನ್ನ ಊರಿನಲ್ಲಿಯೇ ಎದುರಿಸುತ್ತಾಳೆ. ಆಕೆಗೆ 'ಒಬ್ಬ ರಾಜ, ಆ ರಾಜ' ಎಂಬ ಕಥೆ ಗೊತ್ತಿದೆ. 'ಹಣ್ಣು ತಿಂದೆ' ಎಂಬುದಕ್ಕೂ 'ಹಣ್ಣನ್ನು ತಿಂದೆ' ಎಂಬುದಕ್ಕೂ ಇರುವ ಭೇದವೂ ಗೊತ್ತಿದೆ. ಗೊತ್ತಿದೆಯೆಂಬುದು ಮಾತ್ರ ಗೊತ್ತಿಲ್ಲ. 'ನಿನ್ನ ಭಾಷೆಯಲ್ಲಿ ಇದು ಇಲ್ಲ' ಎಂದು ಪ್ರಾರಂಭವಾಗುವ ಪಾಠ ಆಕೆಯಲ್ಲಿ ಸಂಕೋಚವನ್ನು ಹುಟ್ಟಿಸುತ್ತದೆ; 'ನಿನ್ನ ಭಾಷೆಯಲ್ಲಿ ಇದು ಹೀಗಿದೆ, ಅವರ ಭಾಷೆಯಲ್ಲಿ ಹಾಗಿದೆ' ಎಂದು ಪ್ರಾರಂಭವಾಗುವ ಪಾಠ ಎರಡು ಭಾಷೆಗಳನ್ನೂ ಬೆಳಗುತ್ತದೆ. ಮನೆಯಲ್ಲಿ ಮಕ್ಕಳ ಪುಸ್ತಕವನ್ನು ತೆರೆದು ಕುಳಿತ ತಾಯಿತಂದೆಗಳು ಈ ಎರಡನೆಯ ಪಾಠವನ್ನು ಇಂದು ಸಂಜೆಯೇ ಆರಂಭಿಸಬಹುದು. ಅದಕ್ಕೆ ಬೇಕಾದ ಸಾಮಗ್ರಿಯೆಂದರೆ ಒಂದು ಕಥೆ, ಒಬ್ಬ ರಾಜ, ಮತ್ತು ಆ ರಾಜನ ಮುಂದಿನ ವೃತ್ತಾಂತ.